ಗಿಡುಗನ ತಲೆ, ಮನುಷ್ಯನ ಮೈ: ಈಜಿಪ್ಟಿನ ದೇವರುಗಳನ್ನು ಕಾಮಿಕ್ಸಿಗೆ ತಂದ ನನ್ನ ಅನುಭವ

ಪ್ರಾಚೀನ ಈಜಿಪ್ಟಿನ ದೇವರುಗಳನ್ನು ಕಾಮಿಕ್ಸ್ ಪಾತ್ರ ಮಾಡಬೇಕು ಅಂತ ಕೂತಾಗ ಮೊದಲು ಬಿಡಿಸಿದ್ದು ಆಕಾಶದ ದೇವರು ಹೋರಸ್‌ನನ್ನು. ಉಬ್ಬಿದ ಎದೆ, ಗಟ್ಟಿ ತೋಳು, ಮೇಲೆ ಗಿಡುಗನ ತಲೆ. ಮೈ ಚೆನ್ನಾಗಿ ಬಂತು, ಕತ್ತು ಮಾತ್ರ ಬರಲೇ ಇಲ್ಲ. ಗರಿ ಎಲ್ಲಿ ಮುಗಿದು ಚರ್ಮ ಎಲ್ಲಿ ಶುರುವಾಗಬೇಕು? ಎಷ್ಟು ಅಳಿಸಿ ತಿದ್ದಿದರೂ ಯಾರೋ ಮುಖವಾಡ ಹಾಕಿಕೊಂಡು ನಿಂತ ಹಾಗೇ ಕಾಣುತ್ತಿತ್ತು.

ಕೊನೆಗೆ ಗೋರಿಗಳ ಗೋಡೆಚಿತ್ರದ ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತಾ ಕೂತೆ. ಉತ್ತರ ಅಲ್ಲೇ ಇತ್ತು. ಪ್ರಾಣಿಯ ತಲೆಗೆ ಆ ಕಾಲದ ಕಲಾವಿದರು ಉದ್ದನೆಯ ವಿಗ್ ತೊಡಿಸಿದ್ದಾರೆ. ಒಂದು ಭಾಗ ಬೆನ್ನಿಗೆ, ಇನ್ನೆರಡು ಭಾಗ ಎದೆಯ ಎರಡೂ ಕಡೆಗೆ ಇಳಿಬೀಳುತ್ತದೆ, ಜೋಡಣೆಯೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಬರವಣಿಗೆಯ ದೇವರು ಥೋತ್‌ನದು ಐಬಿಸ್ ಹಕ್ಕಿಯ ತಲೆ, ಆ ಸಣಕಲು ಕತ್ತು ಅಷ್ಟು ಅಗಲದ ಭುಜದ ಮೇಲೆ ಸಹಜವಾಗಿ ಕೂರುವುದು ಈ ವಿಗ್‌ನಿಂದಲೇ. ಅವತ್ತು ರಾತ್ರಿಯೇ ನಾಲ್ಕು ದೇವರುಗಳನ್ನು ಹೊಸದಾಗಿ ಬಿಡಿಸಿದೆ.

ಅಳತೆಗೂ ಅವರ ಲೆಕ್ಕವನ್ನೇ ಹಿಡಿದೆ. ಅವರು ಮೊದಲು ಸಮನಾದ ಚೌಕಗಳ ಜಾಲ ಎಳೆದು ಅದರ ಮೇಲೆ ಬಿಡಿಸುತ್ತಿದ್ದರು. ನಿಂತ ಆಕೃತಿಗೆ ಅಂಗಾಲಿನಿಂದ ಹಣೆಯ ಕೂದಲಂಚಿಗೆ 18 ಚೌಕ, ಅಷ್ಟೇ.

ಬಣ್ಣದಲ್ಲಿ ಜಾಸ್ತಿ ಕಾಡಿದ್ದು ಅನುಬಿಸ್, ನರಿಯ ತಲೆಯ, ಸತ್ತವರನ್ನು ಕಾಯುವ ದೇವರು. ನಿಜವಾದ ನರಿಗಳು ಕಪ್ಪಗಿರುವುದಿಲ್ಲ, ಆದರೆ ಅವನು ಕಪ್ಪು. ಅವರಿಗೆ ಕಪ್ಪು ಅಂದರೆ ನೈಲ್ ನದಿ ತಂದು ಹಾಕುವ ಮೆಕ್ಕಲು ಮಣ್ಣು, ಮತ್ತೆ ಹುಟ್ಟುವುದರ ಬಣ್ಣ. ನನ್ನ ಮೊದಲ ಪುಟ ನೋಡಿದ ಗೆಳೆಯ 'ಇವನು ವಿಲನ್ ಅಲ್ವಾ?' ಅಂದ. ಬಣ್ಣ ಬದಲಿಸಲು ಮನಸ್ಸಾಗಲಿಲ್ಲ, ಅವನು ನಿಂತಿದ್ದ ರೀತಿ ಬದಲಿಸಿದೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆನಿ ಎಂಬ ಲಿಪಿಕಾರನ ಪಪೈರಸ್ (ಜೊಂಡಿನ ಹಾಳೆಯ) ಸುರುಳಿ‌ನಲ್ಲಿ, ಸತ್ತವನು ಒಳ್ಳೆಯವನೋ ಅಲ್ಲವೋ ಎಂದು ತಿಳಿಯಲು ಅವನ ಹೃದಯ ತೂಗುವಾಗ ಅನುಬಿಸ್ ಮೊಣಕಾಲೂರಿ ಕೂತು ತಕ್ಕಡಿಯ ಮುಳ್ಳು ನೋಡುತ್ತಿರುತ್ತಾನೆ. ಅದನ್ನೇ ತೆಗೆದುಕೊಂಡೆ. ಒಂದು ಕೈ ತಕ್ಕಡಿಯ ಕಡೆಗೆ, ಕಣ್ಣು ಮುಳ್ಳಿನ ಮೇಲೆ. ಆಮೇಲೆ ಆ ಪ್ರಶ್ನೆ ಯಾರೂ ಕೇಳಲಿಲ್ಲ.

ಕಥೆಗೆ ಹೋರಸ್ ಮತ್ತು ಅವನ ಚಿಕ್ಕಪ್ಪ ಸೆತ್‌ರ ಜಗಳ ಆರಿಸಿಕೊಂಡೆ. ಐದನೇ ರಾಮ್ಸೆಸ್ ಎಂಬ ರಾಜನ ಕಾಲದ ಪಪೈರಸ್ ಒಂದರಲ್ಲಿ ಇದು ಪೂರ್ತಿ ಇದೆ, ಈಗ ಡಬ್ಲಿನ್‌ನಲ್ಲಿದೆ. ಸಿಂಹಾಸನಕ್ಕಾಗಿ 80 ವರ್ಷ ವ್ಯಾಜ್ಯ! ನಡುವೆ ಕಲ್ಲಿನ ದೋಣಿಗಳ ಪಂದ್ಯ. ಹೋರಸ್ ಮರದ ದೋಣಿ ಮಾಡಿ ಮೇಲೆ ಜಿಪ್ಸಂ ಬಳಿಯುತ್ತಾನೆ. ಅದನ್ನು ಕಲ್ಲೆಂದೇ ನಂಬಿದ ಸೆತ್ ಬೆಟ್ಟದ ತುದಿ ಕಡಿದು 138 ಮೊಳದ ದೋಣಿ ಕಟ್ಟಿ ನೀರಿಗಿಳಿಸುತ್ತಾನೆ, ಅದು ದೇವತೆಗಳೆಲ್ಲರ ಎದುರಿಗೇ ಮುಳುಗುತ್ತದೆ. ದೋಣಿ ಮುಳುಗುವ ಕಾಮಿಕ್ಸ್ ಚೌಕದಲ್ಲಿ ನಾನು ಒಂದು ಮಾತೂ ಬರೆಯಲಿಲ್ಲ. ನೀರಿನ ಗೆರೆಗಳ ಮೇಲೆ ಸೆತ್‌ನ ಎರಡು ಕಿವಿ ಮಾತ್ರ, ತುದಿ ಕತ್ತರಿಸಿದಂತಿರುವ ಆ ಚೌಕಾಕಾರದ ಕಿವಿಗಳು. ಅವನದು ಯಾವ ಪ್ರಾಣಿಯ ತಲೆ ಅಂತ ವಿದ್ವಾಂಸರೂ ಒಪ್ಪಿಲ್ಲ, ಹಾಗಾಗಿ ಕತ್ತೆಯನ್ನೋ ನಾಯಿಯನ್ನೋ ನೋಡಿ ಬಿಡಿಸದೆ ಗೋಡೆಯ ಮೇಲಿದ್ದಂತೆಯೇ ಉಳಿಸಿಕೊಂಡೆ.

ಮುಂದೆ ಅವನು ನೀರಾನೆಯಾಗಿ ಎದ್ದು ಹೋರಸ್‌ನ ದೋಣಿ ಒಡೆಯುತ್ತಾನೆ. ಆ ಬಾಗಿದ ಮೂತಿ ಅಗಲವಾಗುತ್ತಾ ಹೋಗುವ ಮೂರು ಚೌಕ ಈಗ ಪೆನ್ಸಿಲ್‌ನಲ್ಲಿವೆ, ನಡುವಿನದು ಇನ್ನೂ ಸರಿಬಂದಿಲ್ಲ.