ಕಾಲಿನ ನರ ಸೊರಗಿದೆಯೇ? ಕಣ್ಣಲ್ಲಿ ಎಣಿಸಿ ನೋಡುವುದು ಹೀಗೆ

ಸಕ್ಕರೆ ಕಾಯಿಲೆ ಇರುವವರ ಅಂಗಾಲು ಉರಿಯುತ್ತದೆ, ಬೆರಳುಗಳಿಗೆ ಜೋಮು ಹಿಡಿಯುತ್ತದೆ. ವೈದ್ಯರು 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಪಾದಕ್ಕೆ ತಾಗಿಸುತ್ತಾರೆ, ಶ್ರುತಿಕವಲು ಒತ್ತಿ ಕಂಪನ ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ಉತ್ತರ ‘ಎಲ್ಲ ಸರಿಯಿದೆ’ ಎಂದು ಬಂದರೂ ಉರಿ ಮಾತ್ರ ನಿಲ್ಲುವುದಿಲ್ಲ. ಈ ಪರೀಕ್ಷೆಗಳು ದಪ್ಪ ನರಗಳಿಗೆ ಸಂಬಂಧಿಸಿದವು. ನೋವು, ಬಿಸಿ, ತಣ್ಣಗಿನ ಸುದ್ದಿ ಒಯ್ಯುವ ಸಣ್ಣ ನರಗಳು ಎಷ್ಟೋ ಜನರಲ್ಲಿ ಅದಕ್ಕೂ ಮೊದಲೇ ಸವೆದಿರುತ್ತವೆ. ಅವನ್ನು ಕಣ್ಣಾರೆ ನೋಡಬೇಕೆಂದರೆ ಕಾಲಿನಿಂದ 3 ಮಿ.ಮೀ. ಅಗಲದ ಚರ್ಮ ಕೊರೆದು ತೆಗೆಯಬೇಕು. ಇಲ್ಲವೇ, ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದೊಳಗೆ ಇಣುಕಬೇಕು. ಅಲ್ಲಿರುವುದೂ ಅಂಥದೇ ಸಣ್ಣ ನರಗಳು, ಸಕ್ಕರೆ ಕಾಯಿಲೆಯಲ್ಲಿ ಅವೂ ಸವೆಯುತ್ತವೆ. ಸುಮಾರು ಅರ್ಧ ಮಿ.ಮೀ. ದಪ್ಪದ ಈ ಪದರದಲ್ಲಿ ನರಗಳು ಚರ್ಮಕ್ಕಿಂತ ನೂರಾರು ಪಟ್ಟು ದಟ್ಟ. ಒಂದು ಧೂಳಿನ ಕಣ ಬಿದ್ದರೂ ಸಾಕು, ಅದು ನಮಗೇ ಗೊತ್ತಾಗುತ್ತದೆ!

ಇದಕ್ಕೆ ಬಳಸುವುದು ಕಾನ್ಫೋಕಲ್ ಮೈಕ್ರೋಸ್ಕೋಪ್. ಒಂದೇ ಆಳದ ಬೆಳಕನ್ನು ಒಳಬಿಟ್ಟು ಉಳಿದದ್ದನ್ನು ತಡೆಯುವ ಉಪಕರಣವಿದು. ಮಧುಮೇಹಿಗಳ ನರಹಾನಿಯನ್ನು ಇದರಿಂದ ಅಳೆಯಬಹುದೆಂದು ರಯಾಜ್ ಮಲಿಕ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿಕೊಟ್ಟರು.

ಚಿತ್ರ ತೆಗೆಯುವುದು

ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದಿಡಬೇಕು. ಕಣ್ಣಿನ ಲೇಸರ್ ಶಸ್ತ್ರಚಿಕಿತ್ಸೆ ಆಗಿದ್ದರೆ, ಹಿಂದೆ ಕಾರ್ನಿಯಾಕ್ಕೆ ಹರ್ಪಿಸ್ ಸೋಂಕು ಬಂದಿದ್ದರೆ ಮುಚ್ಚಿಡದೆ ಹೇಳಿ. ಅಲ್ಲಿ ನರ ಕಡಿಮೆಯಾಗಿದ್ದರೆ ತಪ್ಪು ಸಕ್ಕರೆಯದ್ದಾಗಿರಲಿಕ್ಕಿಲ್ಲ. ಮರಗಟ್ಟಿಸುವ ಹನಿ ಹಾಕಿದ ಮೇಲೆ ಗಲ್ಲ ಮತ್ತು ಹಣೆಯನ್ನು ಆಸರೆಗೆ ಒತ್ತಿ ಕೂರಬೇಕು. ಉಪಕರಣದ ತುದಿಗೆ ತೊಡಿಸಿದ, ಜೆಲ್ ಸವರಿದ ಪ್ಲಾಸ್ಟಿಕ್ ಟೋಪಿಯೊಂದು ಕಣ್ಣಿಗೆ ಮೆಲ್ಲಗೆ ತಾಗುತ್ತದೆ. ನೋವಿಲ್ಲ, ಆದರೆ ಕಣ್ಣಿಗೆ ಏನೋ ಬರುತ್ತಿದೆ ಎಂಬ ಅಳುಕು ಇದ್ದೇ ಇರುತ್ತದೆ. ಇನ್ನೊಂದು ಕಣ್ಣನ್ನು ಎದುರಿನ ದೀಪದ ಮೇಲೆ ನೆಟ್ಟರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಆಪರೇಟರ್‌ನದು, ಕೈಚಳಕ ಬೇಕಾದದ್ದೂ ಅಲ್ಲೇ. ಮೇಲಿನ ಜೀವಕೋಶಗಳ ಪದರ ದಾಟುತ್ತಿದ್ದಂತೆ, ಸುಮಾರು 50 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್) ಆಳದಲ್ಲಿ, ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗಿನ ಗೆರೆಗಳು ಮೂಡುತ್ತವೆ. ಅವೇ ನರಗಳು. ಕೆಲವೇ ಮೈಕ್ರಾನ್ ಮೇಲೆ ಹೋದರೆ ಬರೀ ಕೋಶಗಳ ಜೇನುಗೂಡು, ಕೆಳಗಿಳಿದರೆ ಮಸುಕು. ಟೋಪಿ ಜಾಸ್ತಿ ಒತ್ತಿದರೆ ಕಾರ್ನಿಯಾ ಸುಕ್ಕಾಗಿ ಇಲ್ಲದ ಗೆರೆಗಳು ಕಾಣುತ್ತವೆ.

ಎಣಿಸುವುದು

ಹೆಚ್ಚು ಬಳಕೆಯ ಉಪಕರಣದಲ್ಲಿ ಒಂದು ಚಿತ್ರ 400×400 ಮೈಕ್ರಾನ್, ಅಂದರೆ 0.16 ಚದರ ಮಿ.ಮೀ. ಅದರಲ್ಲಿ ಮುಖ್ಯ ನರಗಳು, ಅವುಗಳಿಂದ ಒಡೆದ ಕವಲುಗಳು, ಎಲ್ಲದರ ಒಟ್ಟು ಉದ್ದ, ಈ ಮೂರನ್ನು ಅಳೆಯುತ್ತಾರೆ. ಲೆಕ್ಕ ಸರಳ. ನಾಲ್ಕು ಮುಖ್ಯ ನರ ಕಂಡರೆ 4 ಭಾಗಿಸು 0.16, ಚದರ ಮಿ.ಮೀ.ಗೆ 25. ಗೆರೆಗಳ ಒಟ್ಟು ಉದ್ದ 3 ಮಿ.ಮೀ. ಆದರೆ ಚದರ ಮಿ.ಮೀ.ಗೆ 18.75 ಮಿ.ಮೀ. ಕೈಯಿಂದ ಗೆರೆ ಎಳೆಯಬಹುದು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಎಸಿಸಿಮೆಟ್ರಿಕ್ಸ್‌ನಂಥ ತಂತ್ರಾಂಶಕ್ಕೂ ಬಿಡಬಹುದು. ತಂತ್ರಾಂಶ ತೀರಾ ಸಣ್ಣ ಕವಲುಗಳನ್ನು ಬಿಟ್ಟುಬಿಡುವುದುಂಟು, ಆದರೆ ಯಾರ ಚಿತ್ರಕ್ಕೂ ಒಂದೇ ಅಳತೆಗೋಲು ಹಿಡಿಯುತ್ತದೆ.

ಒಂದೇ ಚಿತ್ರ ನಂಬಿ ಕೂರಬೇಡಿ. ಪಕ್ಕದ ಚಿತ್ರದಲ್ಲಿ ಏಳು ನರ ಇರಬಹುದು, ಎರಡೇ ಇರಬಹುದು. ಹಾಗಾಗಿ ಕಾರ್ನಿಯಾದ ನಡುಭಾಗದಿಂದ, ಒಂದರ ಮೇಲೊಂದು ಬೀಳದಂತೆ, ಕಣ್ಣಿಗೆ ಐದಾರು ಚಿತ್ರ ಆರಿಸಿ ಸರಾಸರಿ ತೆಗೆಯುವುದು ರೂಢಿ. ಚೆನ್ನಾಗಿ ಕಂಡವನ್ನೇ ಹೆಕ್ಕಿದರೆ ಆರೋಗ್ಯವೂ ಚೆನ್ನಾಗಿಯೇ ಕಾಣುತ್ತದೆ! ರೋಗಿ ಯಾರೆಂದು ತಿಳಿಯದವರು ಆರಿಸುವುದು ಲೇಸು.

ಓದುವುದು

ಸಂಖ್ಯೆಯನ್ನು ಅದೇ ವಯಸ್ಸಿನ ಆರೋಗ್ಯವಂತರ ಅಳತೆಯೊಂದಿಗೆ ಹೋಲಿಸಬೇಕು. ವಯಸ್ಸಾದಂತೆ ನರ ಕಡಿಮೆಯಾಗುವುದು ಸಹಜ. ಕೀಮೋಥೆರಪಿ, ಪಾರ್ಕಿನ್ಸನ್ ಕಾಯಿಲೆ, ಒಣಕಣ್ಣು ಇದ್ದಾಗಲೂ ಸಂಖ್ಯೆ ಇಳಿಯಬಹುದು. ಅದಕ್ಕೇ ಇದೊಂದರಿಂದಲೇ ‘ಮಧುಮೇಹದ ನರಹಾನಿ’ ಎಂದು ಷರಾ ಬರೆಯಲಾಗದು. ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಇರುವುದು ಅದೇ ವ್ಯಕ್ತಿಯನ್ನು ಮತ್ತೆ ಮತ್ತೆ ಅಳೆಯುವುದರಲ್ಲಿ. ಮೇದೋಜೀರಕ ಗ್ರಂಥಿ ಮತ್ತು ಮೂತ್ರಪಿಂಡ ಎರಡನ್ನೂ ಕಸಿ ಮಾಡಿಸಿಕೊಂಡು ಸಕ್ಕರೆ ಹತೋಟಿಗೆ ಬಂದವರಲ್ಲಿ, ಬೇರೆ ಪರೀಕ್ಷೆಗಳು ಇನ್ನೂ ಕದಲದಿದ್ದಾಗಲೇ, ಕಾರ್ನಿಯಾದ ನರಗಳು ಮರಳಿ ಚಿಗುರಿದ್ದು ಕಂಡಿದೆ. ಅಂಗಾಲು ನೋಡಿಸಿಕೊಳ್ಳುವುದನ್ನು ಮಾತ್ರ ಬಿಡುವಂತಿಲ್ಲ: ಹುಣ್ಣಾಗುವುದು ಅಲ್ಲಿ.