ಆಳಮಾಪಕದ ಟ್ರಾನ್ಸ್‌ಡ್ಯೂಸರಿಗೆ ನಾನು ಜಾಗ ಆರಿಸಿದ ಬಗೆ

ನನ್ನದು ಔಟ್‌ಬೋರ್ಡ್ ಎಂಜಿನ್ನಿನ ಫೈಬರ್ ದೋಣಿ. ಅದಕ್ಕೆ ಆಳಮಾಪಕವನ್ನು ಅಳವಡಿಸಲು ನಿಶ್ಚಯಿಸಿದಾಗ ಪರದೆಯ ಜಾಗ ಕೂಡಲೇ ತೀರ್ಮಾನವಾಯಿತು. ನೀರಿಗೆ ಶಬ್ದ ಹೊರಡಿಸಿ ಅದರ ಪ್ರತಿಧ್ವನಿಯನ್ನು ಹಿಡಿಯುವ ಭಾಗವಾದ ಟ್ರಾನ್ಸ್‌ಡ್ಯೂಸರಿನ ವಿಷಯದಲ್ಲಿ ಮಾತ್ರ ನಾನು ಅವಸರ ಮಾಡಲಿಲ್ಲ. ಅದು ಹೊರಡಿಸುವ ಶಬ್ದದ ಮಿಡಿತ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಸಾಗಿ, ನೆಲಕ್ಕೆ ತಗುಲಿ ಮರಳುತ್ತದೆ. ಹೋಗಿಬರಲು ಹಿಡಿದ ಸಮಯದಿಂದ ಉಪಕರಣವು ಆಳವನ್ನು ಲೆಕ್ಕ ಹಾಕುತ್ತದೆ. ಟ್ರಾನ್ಸ್‌ಡ್ಯೂಸರಿನ ಮುಖದ ಕೆಳಗೆ ಗಾಳಿಗುಳ್ಳೆಗಳು ಹರಿದರೆ ಶಬ್ದ ಅಲ್ಲಿಯೇ ಚದುರಿಹೋಗುವುದರಿಂದ, ಎಷ್ಟೇ ಒಳ್ಳೆಯ ಉಪಕರಣವಾದರೂ ನೆಲವನ್ನು ಕಾಣಲಾರದು.

ಆದ್ದರಿಂದ ದೋಣಿ ಓಡುವಾಗ ಅದರ ತಳದ ಯಾವ ಭಾಗದಲ್ಲಿ ಗುಳ್ಳೆಯಿಲ್ಲದ ನೀರು ಹರಿಯುತ್ತದೆ ಎಂಬುದನ್ನೇ ನಾನು ಮೊದಲು ಹುಡುಕಿದೆ. ದೋಣಿಯನ್ನು ದಡಕ್ಕೆ ಎಳೆದು, ತಳದ ಉಬ್ಬುಪಟ್ಟಿಗಳು, ನೀರೆಳೆಯುವ ರಂಧ್ರ, ಎದ್ದ ತಿರುಪಿನ ತಲೆಗಳು ಎಲ್ಲೆಲ್ಲಿವೆಯೆಂದು ನೋಡಿ, ಪ್ರತಿಯೊಂದರಿಂದಲೂ ಹಿಂಬದಿಯ ಹಲಗೆಯವರೆಗೆ ಸೀಮೆಸುಣ್ಣದಿಂದ ನೇರ ಗೆರೆ ಎಳೆದೆ. ಆ ಗೆರೆಗಳ ಹಾದಿಯಲ್ಲಿ ಕಲಕಿದ ನೀರು ಬರುತ್ತದೆ. ಅವುಗಳ ನಡುವೆ ಉಳಿದ ಖಾಲಿ ಜಾಗಗಳನ್ನಷ್ಟೇ ಪರಿಗಣಿಸಿದೆ. ಬಳಿಕ ಚುಕ್ಕಾಣಿಯನ್ನು ಜೊತೆಗಾರರಿಗೆ ಕೊಟ್ಟು, ಹಲಗೆಯನ್ನು ಬಿಟ್ಟು ನೀರು ಎಲ್ಲಿ ನುಣುಪಾಗಿ ಹೊರಡುತ್ತದೆಂದು ಹಿಂದಿನಿಂದ ಗಮನಿಸಿದೆ. ನನ್ನ ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಎಡಬದಿಯಲ್ಲಿ ಅಲಗುಗಳು ಮೇಲೇರುತ್ತಾ ನೀರನ್ನು ಕಲಕುವುದರಿಂದ, ಅವು ಕೆಳಗಿಳಿಯುವ ಬಲಬದಿಯನ್ನೇ ಆರಿಸಿದೆ.

ತಳದ ಒಳಗಡೆ ಅಂಟಿಸಿದರೆ ರಂಧ್ರವೇ ಬೇಡವೆಂಬ ಆಸೆ ನನಗೂ ಇತ್ತು. ಗಟ್ಟಿ ಫೈಬರಿನ ಮೂಲಕ ಶಬ್ದ ಹಾಯುತ್ತದೆ. ನಡುವೆ ಫೋಮ್ ಅಥವಾ ಮರದ ಪದರವಿದ್ದರೆ ಆ ವಿಧಾನ ನಡೆಯುವುದಿಲ್ಲ. ತೆಳು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಅದರೊಳಗೆ ಟ್ರಾನ್ಸ್‌ಡ್ಯೂಸರನ್ನು ಇಟ್ಟು ಒದ್ದೆ ಮಾಡಿದ ತಳಕ್ಕೆ ಒತ್ತಿ ಹಿಡಿದು ಪರೀಕ್ಷಿಸಿದಾಗ, ಕಡಿಮೆ ಆಳದಲ್ಲಿ ಅಂಕಿ ಸರಿಯಾಗಿಯೇ ಬಂತು, ಆಳ ಹೆಚ್ಚಿದಂತೆ ಪ್ರತಿಧ್ವನಿ ಸ್ಪಷ್ಟವಾಗಿ ಕುಂದಿತು. ನೀರಿನ ಉಷ್ಣತೆಯ ಅಳತೆಯೂ ಒಳಗಿನಿಂದ ಸಿಗುವುದಿಲ್ಲ. ಹೀಗಾಗಿ ಆ ಯೋಚನೆಯನ್ನು ಬಿಟ್ಟೆ.

ದೋಣಿಗೆ ರಂಧ್ರ ಕೊರೆಯುವ ಮೊದಲು ಟ್ರಾನ್ಸ್‌ಡ್ಯೂಸರನ್ನು ಒಂದು ಮರದ ಪಟ್ಟಿಗೆ ಬಿಗಿದು, ಪಟ್ಟಿಯನ್ನು ಹಿಂಬದಿಯ ಹಲಗೆಗೆ ಕ್ಲ್ಯಾಂಪಿನಿಂದ ಕಚ್ಚಿಸಿ, ನಿಧಾನದಿಂದ ಪೂರ್ಣ ವೇಗದವರೆಗೆ ಓಡಿಸಿ ನೋಡಿದೆ. ಈ ಹಂತವನ್ನು ಯಾರೂ ಬಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಅದರ ಮುಖ ತಳದ ಮಟ್ಟಕ್ಕಿಂತ ಕೆಲವೇ ಮಿಲಿಮೀಟರ್ ಕೆಳಗಿದ್ದಾಗ ವೇಗದಲ್ಲಿಯೂ ಅಂಕಿ ಸ್ಥಿರವಾಗಿ ನಿಂತಿತು. ಇನ್ನೂ ಇಳಿಸಿದರೆ ನೀರು ಚಿಮ್ಮತೊಡಗಿತು.

ಜಾಗ ಖಚಿತವಾದ ಬಳಿಕ ತಿರುಪಿನ ರಂಧ್ರಗಳಿಗೆ ಸೀಲಂಟ್ ತುಂಬಿ ಬಿಗಿದೆ. ಕೇಬಲನ್ನು ತುಂಡರಿಸದೆ, ಎಂಜಿನ್ನಿನ ತಂತಿಗಳಿಂದ ದೂರದಲ್ಲಿ ಒಯ್ದೆ. ಎಂಜಿನ್ನಿನ ತುದಿ ಟ್ರಾನ್ಸ್‌ಡ್ಯೂಸರಿಗಿಂತ ಕೆಳಗಿರುವುದರಿಂದ ಆ ಅಂತರವನ್ನು ಅಳೆದು ಉಪಕರಣದಲ್ಲಿ ಕಳೆಯುವಂತೆ ಹೊಂದಿಸಿದ್ದೇನೆ. ಈಗ ಪರದೆ ತೋರಿಸುವುದು ಎಂಜಿನ್ನಿನ ತುದಿಯ ಕೆಳಗೆ ಉಳಿದಿರುವ ನೀರನ್ನು.