ಏಳನೆಯ ಹಂತ ಬಿದ್ದರೆ ಏಳನ್ನೇ ಎಬ್ಬಿಸಬೇಕು

ಮಂಗಳೂರಿನ ಬೈಕಂಪಾಡಿಯ ಗೇರುಬೀಜ ಗೋದಾಮಿನ ಗೇಟಿಗೆ ಒಂದೇ ಸರಕಿಗಾಗಿ ಎರಡು ಲಾರಿ ಬಂದು ನಿಂತ ದಿನ ಆರ್ಡರಿನ ಬಿಲ್ಲು, ಲಾರಿ, ಲೆಕ್ಕದ ಕೆಲಸಗಳನ್ನು ಒಂದರ ಹಿಂದೊಂದು ತಾನೇ ಮಾಡುವ ನನ್ನ ವರ್ಕ್‌ಫ್ಲೋದ ಮಾನ ಹೋಯಿತು. "ನಿಮ್ಮ ಯಂತ್ರಕ್ಕೆ ಮರೆವಿನ ಕಾಯಿಲೆಯೇ ಮಾರಾಯರೇ?" ಎಂದರು ಧಣಿಗಳು. ಖಾಲಿ ಮರಳಿದ ಲಾರಿಯ ಬಾಡಿಗೆ ಸುಮಾರು ಮೂರೂವರೆ ಸಾವಿರ ನನ್ನ ಬಿಲ್ಲಿನಲ್ಲಿ ಕಡಿತವಾಯಿತು.

ಎನ್‌ಏಟ್‌ಎನ್ (n8n) ಎಂಬ, ಹಂತಗಳನ್ನು ಜೋಡಿಸಿ ಓಡಿಸುವ ತಂತ್ರಾಂಶದಲ್ಲಿ ಅದಕ್ಕೆ ಎಂಟು ಹಂತ. ಮಳೆಗಾಲದಲ್ಲಿ ಕರೆಂಟ್ ಹೋದರೆ ಲೆಕ್ಕದ ತಂತ್ರಾಂಶ ಟ್ಯಾಲಿ ಇರುವ ಕಂಪ್ಯೂಟರ್ ಆರಿ, ಅದಕ್ಕೆ ವೋಚರ್ (ಲೆಕ್ಕದ ನಮೂದು) ಕಳಿಸುವ ಏಳನೆಯದು ಬೀಳುತ್ತಿತ್ತು. ಲೆಕ್ಕದ ಹುಡುಗಿ ಎಲ್ಲವನ್ನೂ ಮೊದಲಿನಿಂದ ಓಡಿಸುತ್ತಿದ್ದಳು, ಲಾರಿಯವರಿಗೆ ವಾಟ್ಸ್ಆಪ್ ಸಂದೇಶವೂ ಮತ್ತೆ ಹೋಗುತ್ತಿತ್ತು. ಹಳೆಯ ಇನ್‌ವಾಯ್ಸ್ ನಂಬರಿನಲ್ಲೇ ಹೋಗಿದ್ದರೆ ಸರ್ಕಾರದ ಜಿಎಸ್‌ಟಿ ಇ-ಇನ್‌ವಾಯ್ಸ್ ಪೋರ್ಟಲ್ 2150 ಎಂಬ ದೋಷಸಂಖ್ಯೆ ಕೊಟ್ಟು ನಕಲನ್ನು ತಡೆಯುತ್ತಿತ್ತು. ನಮ್ಮ ಎರಡನೆಯ ಹಂತ ಪ್ರತಿ ಸಲವೂ ಹೊಸ ನಂಬರು ಹುಟ್ಟಿಸುತ್ತಿತ್ತು. ಒಂದೇ ಸರಕಿಗೆ ಎರಡು ಐಆರ್‌ಎನ್ (ಪೋರ್ಟಲ್ ಕೊಡುವ ಇನ್‌ವಾಯ್ಸ್ ನೋಂದಣಿ ಸಂಖ್ಯೆ) ಆದದ್ದು ಮೂರನೆಯ ದಿನ ಗೊತ್ತಾಯಿತು. ರದ್ದತಿಗಿರುವ 24 ಗಂಟೆ ಕಳೆದಿತ್ತು, ಹೆಚ್ಚಾದದ್ದನ್ನು ವಜಾ ಮಾಡಲು ಕ್ರೆಡಿಟ್ ನೋಟ್ ಬರೆದೆವು.

"ಬಿದ್ದಲ್ಲಿಂದಲೇ ಮರುಪ್ರಯತ್ನಿಸುವ ಬಟನ್ ಇದೆಯಲ್ಲ?" ಎಂದು ಕದ್ರಿಯ ಗೆಳೆಯ ನಕ್ಕ. ಅದನ್ನೂ ಒತ್ತಿ ನೋಡಿದೆ. 9000ನೇ ಪೋರ್ಟಿಗೆ (ಟ್ಯಾಲಿ ಹೊರಗಿನ ಮಾತು ಕೇಳಿಸಿಕೊಳ್ಳುವ ಬಾಗಿಲು) ಹೋದ ವೋಚರನ್ನು ಟ್ಯಾಲಿ ಬರೆದುಕೊಂಡಿತ್ತು, ಉತ್ತರ ಮಾತ್ರ ಬಂದಿರಲಿಲ್ಲ. ಬಟನ್ ಒತ್ತಿದೆ, ವೋಚರ್ ಎರಡಾಯಿತು. ಕೆಲಸ ಆಗಿದೆಯೋ ಇಲ್ಲವೋ ಬಟನ್ನಿಗೇನು ಗೊತ್ತು?

ಕೊನೆಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಒಂದು ಪಟ್ಟಿ ಮಾಡಿದೆ. ಆರ್ಡರ್ ನಂಬರು ಮತ್ತು ಹಂತದ ಹೆಸರು ಸೇರಿ ಒಂದೇ ಸಾಲು. ಪಕ್ಕದಲ್ಲಿ ಬಂದ ಉತ್ತರ, ಸ್ಥಿತಿ: ಶುರು, ಮುಗಿಯಿತು, ಗೊತ್ತಿಲ್ಲ. ಎಂಟನ್ನೂ ಬೇರೆ ಬೇರೆ ಉಪ-ವರ್ಕ್‌ಫ್ಲೋ ಮಾಡಿದೆ. ಮುಗಿದಿದ್ದರೆ ಹಳೆಯ ಉತ್ತರವನ್ನೇ ಕೊಟ್ಟು ಮುಂದೆ ಹೋಗುತ್ತದೆ. ಜೀವ ತಿಂದದ್ದು 'ಗೊತ್ತಿಲ್ಲ': ಕಳಿಸಿದ್ದಾಗಿದೆ, ಉತ್ತರ ಬಂದಿಲ್ಲ. ಅಲ್ಲಿ ಮತ್ತೆ ಕಳಿಸುವ ಮೊದಲು ಕೇಳಬೇಕು: ಪೋರ್ಟಲಿಗೆ ಇನ್‌ವಾಯ್ಸ್ ನಂಬರು ಕೊಟ್ಟು ಐಆರ್‌ಎನ್, ಟ್ಯಾಲಿಯಲ್ಲಿ ವೋಚರ್ ನಂಬರು. ವಾಟ್ಸ್ಆಪ್‌ಗೆ ಹೇಗೆ ಕೇಳುತ್ತೇನೆ ಎಂಬುದು ನನ್ನ ಹೊಟ್ಟೆಪಾಡು, ಬರೆಯುವುದಿಲ್ಲ.

ನಡುವೆ ಒಂದು ಹುಚ್ಚು: ಬಿದ್ದ ಹಂತ ಐದು ನಿಮಿಷಕ್ಕೊಮ್ಮೆ ತಾನೇ ಏಳಲಿ ಎಂದು ಬಿಟ್ಟೆ. ರಾತ್ರಿ ಎರಡಕ್ಕೆ ಸಂದೇಶ ಹೋಗಿ ಚಾಲಕರೊಬ್ಬರು ನನಗೇ ಫೋನ್ ಮಾಡಿ ತುಳುವಿನಲ್ಲಿ ಪೂಜೆ ಮಾಡಿದರು. ಈಗ ಬೆಳಿಗ್ಗೆ ಏಳರಿಂದ ಮಾತ್ರ.

ಎರಡು ವಾರದ ಸಂಜೆಗಳು ಹೋದವು. ಈ ಮಳೆಗಾಲದಲ್ಲಿ ನಲವತ್ತೋ ನಲವತ್ತೈದೋ ಮರು-ಓಟ, ಒಂದೂ ನಕಲಿಲ್ಲ. ಕದ್ರಿಯವನು ಈಗ ಆ ಪಟ್ಟಿಯ ಪ್ರತಿ ಕೇಳುತ್ತಿದ್ದಾನೆ. ಲಾರಿ ಬದಲಾದಾಗ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ಚೀಟಿ) ಹಂತವನ್ನೇ ಮತ್ತೆ ಓಡಿಸುವ ಚಾಳಿ ಮಾತ್ರ ಹುಡುಗಿಗೆ ಇನ್ನೂ ಬಿಟ್ಟಿಲ್ಲ. ಬದಲಿಸಬೇಕಾದದ್ದು ಅದರಲ್ಲಿ ಲಾರಿ ನಂಬರಿರುವ ಭಾಗ-ಬಿ ಒಂದನ್ನೇ. ಅದಕ್ಕೊಂದು ಒಂಬತ್ತನೆಯ ಹಂತ ಬರೆಯುತ್ತಿದ್ದೇನೆ.